ಹನ್ನೆರಡು ಅಂಗುಲ

ಲೊವೆಲ್ ಸ್ಟೊಡೊಲಾ ತೀರಿಕೊಂಡ ಸುದ್ದಿ
ಗುರುವಾರ ಸಂಜೆ ನಾಲ್ಕೂಕಾಲಿಗೆ ಬಂತು.
ಎಷ್ಟು ಜಾಗ ಬಿಡಲಿ, ಕೇಳಿದಳು ಡೆಸ್ಕಿನ ಹುಡುಗಿ.
ಹನ್ನೆರಡು ಅಂಗುಲ ಅಂದೆ.
ಮೇಯರಿಗೂ ಅಷ್ಟೇ, ಮೇಯರನ ಕ್ಷೌರಿಕನಿಗೂ ಅಷ್ಟೇ,
ಅವನೇ ಹಾಕಿಟ್ಟುಹೋದ ಅಳತೆ.

ಈರೀ ಸರೋವರದ ಗಾಳಿ ಕಿವಿ ಕೊಯ್ಯುವ ಜನವರಿಯಲ್ಲಿ
ಹದಿನೈದರ ಹುಡುಗ ಬಂದು ಸೇರಿದ್ದು
ಕಾದ ಸೀಸದ ವಾಸನೆಯ ನೆಲಮಾಳಿಗೆಗೆ.
ಅಚ್ಚಿನ ಮೊಳೆಗಳನ್ನು ತಲೆಕೆಳಗಾಗಿ ಓದುವುದು ಕಲಿತ.
ಆ ವಿದ್ಯೆ ಕೊನೆತನಕ ಕೈಬಿಡಲಿಲ್ಲ:
ಎಷ್ಟೋ ಅಧಿಕಾರಿಗಳ ಮೇಜಿನ ಮೇಲೆ
ಅವನಿಗೆ ತಲೆಕೆಳಗಾಗಿ ಮಲಗಿದ್ದ ಕಾಗದ
ಮರುದಿನ ಮುಖಪುಟದಲ್ಲಿ ನೆಟ್ಟಗೆ ಎದ್ದು ನಿಂತಿತ್ತು.

ಅರವತ್ತೊಂದರಲ್ಲಿ ಉಕ್ಕಿನ ಗಿರಣಿಗೆ ಬೆಂಕಿ. ಸತ್ತವರು ಒಂಬತ್ತು.
ಪಟ್ಟಿ ಬರೆದವನು ಲೊವೆಲ್. ಎ ಇರಬೇಕಾದಲ್ಲಿ ಓ ಬಿತ್ತು.
ಸುಟ್ಟುಹೋದವನು ಟಕಾಚ್,
ಪತ್ರಿಕೆಯಲ್ಲಿ ಸತ್ತವನು ಟೊಕಾಚ್.
ಇಮ್ರೆ ಟೊಕಾಚ್ ಆ ಹೊತ್ತಿಗೆ
ಹಿಮಕ್ಕೆ ಸಿಕ್ಕಿ ತಂಗಿಯ ಊರಲ್ಲಿ
ಗಡದ್ದಾಗಿ ಉಂಡು ಮಲಗಿದ್ದ.
ಮೂರನೇ ದಿನ ಮನೆಗೆ ಬಂದರೆ
ಹೆಂಡತಿ ಕಪ್ಪು ಉಟ್ಟಿದ್ದಳು, ಅವನ ಗಿರಣಿಯ ಬೂಟು
ಪಕ್ಕದ ಮನೆಯವನ ಕಾಲಲ್ಲಿತ್ತು.

ಆರನೇ ಪುಟದ ತಳದಲ್ಲಿ ಎರಡು ಸಾಲು ತಿದ್ದುಪಡಿ.
ವಾರದ ಸಂಬಳ ಸುರಿದು ಹೊಸ ಬೂಟು ಕೊಂಡು
ಲೊವೆಲ್ ಹೋಗಿ ಬಾಗಿಲು ತಟ್ಟಿದ.
ಇಮ್ರೆ ಕಾಲು ತೂರಿಸಿ ನೋಡಿ,
ದೊಡ್ಡದಾಯ್ತು ಮಾರಾಯ,
ಇದನ್ನೂ ವಿಚಾರಿಸದೆ ತಂದೆಯಾ? ಅಂದನಂತೆ.

ಅಲ್ಲಿಂದ ಪ್ರತಿವರ್ಷ ಅದೇ ದಿನ ಒಂದು ಫೋನು.
ಇದ್ದೀಯಾ?
ಇದ್ದೀನಿ.
ಅಷ್ಟೇ ಮಾತು, ಮೂವತ್ತು ವರ್ಷ.

ಸಂಪಾದಕನಾದ ಮೇಲಿನದು ಊರಿಗೇ ಗೊತ್ತು.
ನದಿಗೆ ಆಮ್ಲ ಬಿಟ್ಟ ಸುದ್ದಿ ಅಚ್ಚಿಗೆ ಹೋಗುವ ಮುನ್ನಾದಿನ
ಗಿರಣಿಯಿಂದ ಮೂವರು ಬಂದು, ಟೋಪಿ ತೆಗೆಯದೆ,
ಜಾಹೀರಾತು ನಿಲ್ಲಿಸುತ್ತೇವೆ ಅಂದರು.
ಲೊವೆಲ್ ಪೆನ್ಸಿಲು ಹೆರೆಯುತ್ತ,
ನಿಮ್ಮ ಹೆಸರುಗಳ ಕಾಗುಣಿತ ಹೇಳಿ ಅಂದ.
ಅವರಲ್ಲೊಬ್ಬ, ಪಾಪ, ಅಕ್ಷರಕ್ಷರ ಬಿಡಿಸಿ ಹೇಳಿದ!
ಜಾಹೀರಾತು ಹೋಯಿತು. ಆ ಚಳಿಗಾಲ ಪತ್ರಿಕೆಗೆ ಎಂಟೇ ಪುಟ,
ನಮಗೆಲ್ಲ ಅರ್ಧ ಸಂಬಳ.
ನನ್ನ ಹೆಂಡತಿ ಇವತ್ತಿಗೂ ಅವನನ್ನು ಕ್ಷಮಿಸಿಲ್ಲ.
ನ್ಯೂಯಾರ್ಕಿನಿಂದ ಬಂದ ಬಹುಮಾನದ ಫಲಕ
ಶೌಚಾಲಯಕ್ಕೆ ಹೋಗುವ ಓಣಿಯಲ್ಲಿ ತೂಗಿತು.

ಸಂತನಲ್ಲ. ಲಾಂಡ್ರಿ ಹೆಂಗಸರ ಮುಷ್ಕರವನ್ನು
ಹನ್ನೊಂದು ದಿನ ಒಳಪುಟಕ್ಕೆ ತಳ್ಳಿದ.
ವರದಿ ತಂದ ಬರ್ನೀಸ್ ಪೆಟಿಗ್ರೂ
ಟೈಪ್‌ರೈಟರಿಗೆ ಮುಸುಕು ಹಾಕಿ ಹೋದವಳು ಮತ್ತೆ ಬರಲಿಲ್ಲ.
ಅದಕ್ಕೆ ತಿದ್ದುಪಡಿ ಹಾಕುವ ಪುಟ ಯಾವುದೋ, ಅಂದಿದ್ದ
ಒಂದು ರಾತ್ರಿ, ಮೂರನೇ ಗ್ಲಾಸಿನ ಹೊತ್ತಿಗೆ.

ಮೂವತ್ತೊಂದನೇ ವರ್ಷ, ಫೋನಿಗೆ ವಾರ ಮುಂಚೆ,
ಇಮ್ರೆ ಟೊಕಾಚನ ಮರಣವಾರ್ತೆ ಮೇಜಿಗೆ ಬಂತು.
ಪ್ರಧಾನ ಸಂಪಾದಕ ಕೋಟು ಹಾಕಿಕೊಂಡು
ಹಿಮದಲ್ಲಿ ನಡೆದುಹೋಗಿ ನೋಡಿ ಬಂದ.
ಹೌದು, ಅಂದ. ಹಾಕಿ.
ಅವತ್ತು ಮತ್ತೆ ಮಾತಾಡಲಿಲ್ಲ.

ಹಾಗಾಗಿ ನಾನೂ ಇವತ್ತು ಕೋಟು ಹಾಕಿಕೊಂಡೆ.
ಮಗಳು ಕೋರಾ ಬಾಗಿಲು ತೆರೆದಳು.
ಬನ್ನಿ, ನೋಡದೆ ಹಾಕುವವರಲ್ಲ ನೀವು, ಗೊತ್ತು.
ಲೊವೆಲ್‌ಗೆ ಕೊನೆಯಲ್ಲಿ ಎರಡು ಎಲ್, ಅಂದಳು,
ನಲವತ್ತು ವರ್ಷ ಅವನ ಕೈಕೆಳಗೆ ದುಡಿದ ನನಗೆ.

ಮಂಚದ ಕೆಳಗೆ ಆ ಬೂಟು.
ಇಮ್ರೆ ಬೇಡವೆಂದದ್ದನ್ನು ತಾನೇ ಮೆಟ್ಟಿ ಸವೆಸಿದ್ದ;
ಅವನಿಗೂ ದೊಡ್ಡದೇ.
ತುದಿಯ ಸಡಿಲಕ್ಕೆ ತುರುಕಿದ್ದ ಪತ್ರಿಕೆಯ ಹಾಳೆ
ಹಳದಿಗಟ್ಟಿ, ಹೆಬ್ಬೆರಳಿನ ಗುರುತು ಹೊತ್ತು.
ಆ ಆರನೇ ಪುಟವೇ ಇರಬೇಕೆಂದುಕೊಂಡು ಬಿಡಿಸಿದೆ.
ಅಲ್ಲ.
ಹವಾಮಾನ. ಆಲೂಗಡ್ಡೆಯ ದರ.
ಕಳೆದುಹೋದ ಕಂದು ನಾಯಿಯ ವಿಳಾಸ.

ಇದ್ದದ್ದನ್ನು ಇದ್ದಹಾಗೆ ಬರೆದುಕೊಂಡು
ಹಾಳೆ ಮಡಚಿ, ಬೂಟಿನೊಳಗೇ ಇಟ್ಟೆ.