ಸೋಲೋ

ಕಂಪ್ರೆಸರ್ ರಿಪೇರಿಗೆ ಬಂದಿದ್ದ ಅಂಗ್‌ಚುಕ್
ಹೋಗುವ ದಿನ ನನ್ನ ಕೈಗಿಟ್ಟದ್ದು
ಬೀಡಿಕಟ್ಟಿನ ಕಾಗದದಲ್ಲಿ ಒಂದು ಚಿಟಿಕೆ ಬೀಜ.
ರಾಗಿಗಿಂತ ಸಣ್ಣವು, ಸೀನಿದರೆ ಹಾರುವಂಥವು.
"ಲೇಹ್‌ನಿಂದಾಚೆ, ಉಸಿರು ಸಾಲದ ಎತ್ತರದಲ್ಲಿ
ಕಲ್ಲಿನ ಸಂದಿಗೆ ಬೆಳೆಯುತ್ತೆ. ಹೆಸರು ಸೋಲೋ."

"ಸೋಲೋ ಗೆಲುವೋ, ಮೊದಲ ಅದನ್ನ ಹೇಳ್ರಿ"
ಅಂದಳು ಬೋರವ್ವ, ರೊಟ್ಟಿ ತಟ್ಟುತ್ತ.

ಚಳಿಗಾಲ ಕಾಣದ ಬೀಜ ಕಣ್ಣು ತೆರೆಯುವುದಿಲ್ಲವಂತೆ.
ಮುಂಬಯಿಯಲ್ಲಿ ಚಳಿಗಾಲ ಎಲ್ಲಿಂದ ತರಲಿ?
ಜನವರಿಯ ಎರಡು ಬೆಳಗು,
ಲೋಕಲ್ ಬಾಗಿಲಲ್ಲಿ ಮಫ್ಲರ್ ಸುತ್ತಿದ ನಾಲ್ಕು ಜನ,
ಮುಗಿಯಿತು.
ಆದರೆ ನಾನು ಸಸೂನ್ ಡಾಕಿನ ಐಸ್ ಫ್ಯಾಕ್ಟರಿಯ
ರಾತ್ರಿಪಾಳಿಯವ. ಚಳಿ ನನ್ನ ಕಸುಬು.
ಒದ್ದೆ ಮರಳಿನ ಡಬ್ಬಿಯಲ್ಲಿ ಬೀಜ ಹುದುಗಿಸಿ
ಐಸಿನ ಲಾದಿಗಳ ಹಿಂದೆ ಎಂಟು ವಾರ ಬಚ್ಚಿಟ್ಟೆ.
ಮೀನಿನ ಪಾಲಿನ ಚಳಿಯಲ್ಲಿ ತುಸು ಕದ್ದೆ ಅನ್ನಿ,
ಸೇಠನ ವಹಿಯಲ್ಲಿ ಅದಕ್ಕೆ ಕಾಲಂ ಇಲ್ಲ.

ಏಳು ಮೊಳಕೆ.
ತವರಿನ ನೆನಪಾಗಲಿ ಎಂದು ದಿನಾ
ನೆಲಕ್ಕೆ ಬಿದ್ದ ಐಸಿನ ಚೂರು ಬಾಚಿ
ಕುಂಡದ ಬಾಯಿಗೆ ಸುರಿದೆ.
ಆ ಚೂರಿಗೆ ತೊಟ್ಟಿಯ ಉಪ್ಪು ಹತ್ತಿರುತ್ತದೆ.
ಹದಿನೇಳು ವರ್ಷ ನನ್ನ ಹಿಮ್ಮಡಿ ಸೀಳಿದ ಉಪ್ಪು,
ನನಗೇ ನೆನಪಾಗಲಿಲ್ಲ.
ಐದು ಕರಗಿಹೋದವು.

ಆರನೆಯದಕ್ಕೆ ಬೋರವ್ವ
ಬದನೆ ಸಸಿಗೆ ಹಾಕಿದ ಹಾಗೆ ಸಗಣಿಹುಡಿ ಹಾಕಿದಳು.
ಅದು ಉದ್ದಕ್ಕೆ ಬೆಳೆದು, ಬಿಳಿಚಿಕೊಂಡು,
ಒಂದು ಸಂಜೆ ಅಡ್ಡಬಿತ್ತು.
"ಉಂಡದ್ದಕ್ಕ ಸತ್ತೀತೇನ್ರಿ ಯಾವದರೆ?"
ಎಂದು ಕೇಳಿ, ಬಹಳ ಹೊತ್ತು ಕೂತಳು.

ಮಣ್ಣು ಕಾಲುಭಾಗ ಸಾಕು, ಮಿಕ್ಕದ್ದೆಲ್ಲ ಕಲ್ಲು.
ಕಾಟನ್ ಗ್ರೀನ್ ಹಳಿಯ ಬದಿಯ ಕರಿ ಜಲ್ಲಿ ಆಯ್ದು
ಒರಳಲ್ಲಿ ಕುಟ್ಟಿ, ಜರಡಿ ಹಿಡಿದು
ಗಿಡದ ಕೊರಳಿನ ಸುತ್ತ ಹರಡಿದೆವು.
ಕೊರಳು ಒದ್ದೆಯಾದರೆ ಕೊಳೆತ ಹಾಗೆಯೇ.
ತಟ್ಟೆಯಲ್ಲಿ ನೀರಿಟ್ಟು ಕೆಳಗಿನಿಂದ ಕುಡಿಸಬೇಕು,
ಉಳಿದದ್ದನ್ನು ಚೆಲ್ಲಬೇಕು. ಬೆಳಗಿನ ಬಿಸಿಲು ಸರಿ.
ಮತ್ತೆ, ಇದು ನನಗೆ ಕಷ್ಟ,
ಮುಟ್ಟಿ ಮುಟ್ಟಿ ನೋಡಬಾರದು.

ಜೂನ್ ಒಂದಕ್ಕೆ ದೋಣಿಗಳು ದಡ ಸೇರಿದವು.
ಮೀನಿಲ್ಲ, ಐಸಿಲ್ಲ, ಕಂಪ್ರೆಸರ್ ಬಾಯಿ ಮುಚ್ಚಿತು.
ಎರಡು ತಿಂಗಳ ಅರ್ಧ ಪಗಾರ ಜೇಬಲ್ಲಿ,
ಏಳನೆಯ ಗಿಡ ತೊಡೆಯ ಮೇಲೆ,
ಹಾರ್ಬರ್ ಲೈನಿನಲ್ಲಿ ಮನೆಗೆ ಬಂದೆ.
ಪಕ್ಕದವನು ಕೇಳಿದ, "ತುಳಸಿಯಾ?"
ಹೂಂ ಅಂದೆ. ಜಾಗ ಬಿಟ್ಟ.

ಚಳಿಯಿಲ್ಲದೆಯೂ ತಡೆಯಿತು;
ತಡೆಯದ್ದು ಈ ಜಿಟಿಜಿಟಿ.
ಖೋಲಿಯ ಗೋಡೆ ಬೆವರಿತು, ಹಪ್ಪಳ ಮೆತ್ತಗಾಯಿತು,
ಗಿಡದ ಕೆಳಗಿನ ಎಲೆ ಲೋಳೆಯಾಯಿತು.
ಬೋರವ್ವ ಚಾಳೀಸು ಏರಿಸಿ
ಹೊಲಿಗೆಸೂಜಿಯಿಂದ ಒಂದೊಂದೇ ಬಿಡಿಸಿದಳು,
ಅಂಗಾಲಿನ ಮುಳ್ಳು ತೆಗೆಯುವ ಹಾಗೆ.
ರಾತ್ರಿ ಟೇಬಲ್ ಫ್ಯಾನಿನ ಮುಖವನ್ನು
ನನ್ನಿಂದ ತಿರುಗಿಸಿ ಅದರತ್ತ ಇಟ್ಟಳು.

ಅಂಗ್‌ಚುಕ್‌ಗೆ ಫೋಟೋ ಕಳಿಸಿದೆ. ಫೋನಿನಲ್ಲಿ ನಕ್ಕ.
"ನಮ್ಮಲ್ಲಿ ಇದನ್ನು ಯಾರೂ ಸಾಕಲ್ಲ, ಭಾಯಿ.
ಚಿಗುರು ಕೊಯ್ದು, ಬೇಯಿಸಿ,
ಮೊಸರಲ್ಲಿ ಕಲಸಿ ತಿಂತೀವಿ."
ಬೋರವ್ವ ಕೇಳಿಸಿಕೊಂಡಳು.
ಫ್ಯಾನನ್ನು ಇನ್ನೊಂದು ಗೇಣು ಆ ಕಡೆ ಸರಿಸಿದಳು.

ಕೋಳಿಗಳು ಕಡಲಿಗೆ ತೆಂಗಿನಕಾಯಿ ಕೊಟ್ಟರು.
ಪಾಳಿ ಶುರು. ಕುಂಡಕ್ಕೆ ಕೈ ಚಾಚಿದೆ.
"ಇರಲಿ ಬಿಡ್ರಿ. ಈಗಷ್ಟ ಹತ್ತೇದ."

ಹನ್ನೊಂದು ಎಲೆ. ಹೂವಿಲ್ಲ.
ಬುಡದಲ್ಲಿ ಹೊಸದಾಗಿ ತುಸು ಕೆಂಪು.
ಬೇರು ಮುರಿದರೆ ಗುಲಾಬಿಯ ವಾಸನೆ ಬರುತ್ತದಂತೆ.
ನಂಬಿದ್ದೇವೆ.
ಮುರಿದು ನೋಡುವಷ್ಟು ಗಿಡ ನಮ್ಮಲ್ಲಿಲ್ಲ.