ಹತ್ತು ಮೆಟ್ರೋ

ಅಣಕು ಪರೀಕ್ಷೆ ಅಂತ ಬೋರ್ಡಿನ ಮೇಲೆ ಬರೆದಿದ್ದಾರೆ.
ಯಾರು ಯಾರನ್ನ ಅಣಕಿಸೋದು ಸಾರ್, ಅಂತ ಕೇಳಬೇಕು ಅನ್ಕೊಂಡೆ,
ಕೇಳಲಿಲ್ಲ. ಭಾನುವಾರವೂ ಬಾಗಿಲು ತೆಗೆಯೋದಷ್ಟೇ ನನ್ನ ಕೆಲಸ.

ಬನ್ನಿ. ವಾಚು ಬಿಚ್ಚಿ ಈ ಬಿಸ್ಕತ್ತಿನ ಡಬ್ಬಿಗೆ ಹಾಕಿ.
ಕಿವಿಯೋಲೆ ಇರಲಿ ಇವತ್ತು,
ಆವತ್ತು ಬಾಗಿಲಲ್ಲಿ ನಿಲ್ಲೋರಿಗೆ ನಿಮ್ಮ ಹೆಸರು ಗೊತ್ತಿರಲ್ಲ.

ಶ್ರೀರಾಮಪುರದ ಈ ಕಾಲೇಜಿನ ಗಂಟೆ
ಇಪ್ಪತ್ತೆರಡು ವರ್ಷದಿಂದ ನಂದು. ಓದಿದ್ದು ಏಳನೇ ಕ್ಲಾಸು.
ಆದರೂ ಹೇಳ್ತೀನಿ, ಕೇಳಿ.
ಪೇಪರಿನಲ್ಲಿ ಏನು ಬರುತ್ತೆ ಅಂತಲ್ಲ,
ನಿಮಗೆ ಏನು ಬರುತ್ತೆ ಅಂತ.

ಮೊದಲು ಅಂಗೈಯಲ್ಲಿ ಬೆವರು ಬರುತ್ತೆ.
ಆಮೇಲೆ ಬಾಯಾರಿಕೆ.
ಆಮೇಲೆ, ಬೆಳಗ್ಗೆ ಬೇಡ ಅಂದ ಇಡ್ಲಿಯ ನೆನಪು.
ಗೊತ್ತಿದ್ದ ಉತ್ತರ ನಾಲಿಗೆ ತುದಿವರೆಗೆ ಬಂದು
ಅಲ್ಲೇ ನಿಂತುಬಿಡುತ್ತೆ,
ಬಸ್ಸಿನ ಮೆಟ್ಟಿಲಲ್ಲಿ ಇಳಿಯೋಕೆ ಹೆದರೋ ಅಜ್ಜಿ ಥರ.
ಹಿಂದಿನ ಬೆಂಚಿನವನು ಪುಟ ತಿರುಗಿಸಿದ್ದು
ನಿಮ್ಮ ಹೊಟ್ಟೆಯಲ್ಲಿ ಕೇಳುತ್ತೆ.
ಬರಲಿ. ಇವತ್ತೇ ಬಂದು ಪರಿಚಯ ಆಗಲಿ.

ಗೋಲಿಗಳು ಚಿಕ್ಕವು. ಕುಂಕುಮ ಇಟ್ಟ ಹಾಗೆ ಇಡಿ,
ಅಂಚು ದಾಟಬಾರದು, ನಡುವೆ ಬಿಳಿ ಉಳಿಯಬಾರದು.
ಫಿರ್ದೌಸ್, ನೀನು ಮೆಹಂದಿ ಚುಕ್ಕಿ ಅನ್ಕೋ.
ಇಟ್ಟ ಮೇಲೆ ಒರೆಸೋಕಾಗಲ್ಲ.

ಹೋದ ವರ್ಷ ಹೊನ್ನೇಶ
ಹದಿನೇಳನೇ ಪ್ರಶ್ನೆ ಬಿಟ್ಟ, ಗೋಲಿ ಬಿಡಲಿಲ್ಲ.
ಅಲ್ಲಿಂದಾಚೆಗೆ ಅವನ ಉತ್ತರಗಳೆಲ್ಲ
ಪಕ್ಕದ ಮನೆ ಬಾಗಿಲು ತಟ್ಟಿದವು.
ಮೂವತ್ತೊಂಬತ್ತಕ್ಕೆ ಬಂದಾಗ ಗೊತ್ತಾಯ್ತು.
ಅಳಲಿಲ್ಲ ಹುಡುಗ, ಪೆನ್ನಿನ ಕ್ಯಾಪು ಅಗಿದ.
ಇಂಥದೇ ಒಂದು ಭಾನುವಾರ ಆಗಿದ್ದಕ್ಕೆ ಬಚಾವು.

ಗೋಡೆ ಗಡಿಯಾರ ನಿಂತು ಎರಡು ತಿಂಗಳು.
ಕಿಟಕಿಯಾಚೆ ನೋಡಿ,
ಎಂಟು ನಿಮಿಷಕ್ಕೊಂದು ಮೆಟ್ರೋ, ಮೆಜೆಸ್ಟಿಕ್ ಕಡೆಗೆ.
ಹತ್ತು ಮೆಟ್ರೋ ಹೋದರೆ ಎಂಭತ್ತು ನಿಮಿಷ.
ಪ್ರಶ್ನೆ ಅರವತ್ತು.
ಒಂದೊಂದು ಮೆಟ್ರೋಗೆ ಆರು ಜನರನ್ನ ಹತ್ತಿಸಿ.
ಸತಾಯಿಸೋರನ್ನ ಪ್ಲಾಟ್‌ಫಾರ್ಮಲ್ಲೇ ಬಿಡಿ,
ಅವರಿಗಾಗಿ ಗಾಡಿ ನಿಲ್ಲಿಸಬೇಡಿ.
ಕೊನೇ ಗಾಡಿಗೆ ಉಳಿದವರನ್ನೆಲ್ಲ ತಳ್ಳಿ.
ತಪ್ಪಿಗೆ ಮಾರ್ಕ್ಸು ಕಳೆಯೋದು ಡಾಕ್ಟರು ಪರೀಕ್ಷೆಯಲ್ಲಂತೆ,
ಇದರಲ್ಲಿ ಇಲ್ಲ.

ಹೊಡೆದೆ ಗಂಟೆ.

ಮೂರನೇ ಬೆಂಚಿನ ಸೆಲ್ವಿ.
ಅವಳಪ್ಪ ಓಕಳಿಪುರದಲ್ಲಿ ತಳ್ಳುಗಾಡಿ ಮೇಲೆ ಇಸ್ತ್ರಿ ಮಾಡೋನು,
ಅವಳ ಯೂನಿಫಾರಂ ಮಡಿಕೆ ಮುಟ್ಟಿದರೆ ಬೆರಳು ಕುಯ್ಯಬೇಕು, ಹಾಗಿರುತ್ತೆ.
ಎಂಟನೇ ಮೆಟ್ರೋಗೆ ಪೆನ್ನು ಕೆಳಗಿಟ್ಟಳು.
ಗಾಡಿಯ ಬಾಲ ತಿರುವಿನಲ್ಲಿ ಕಾಣೆಯಾಗೋವರೆಗೆ ನೋಡಿದಳು.
ಒಂಬತ್ತನೇದು ಬಂತು, ಹೋಯ್ತು.
ನನ್ನ ಬಾಯಿಗೆ ಬಂದ ಮಾತನ್ನ ನುಂಗಿದೆ,
ಹಾಲಿನಲ್ಲಿ ಅಟೆಂಡರು ಮಾತಾಡೋ ಹಾಗಿಲ್ಲ.
ಆಮೇಲೆ ಎತ್ತಿಕೊಂಡಳು ಪೆನ್ನು.

ಹತ್ತನೇ ಮೆಟ್ರೋ.
ಸುತ್ತಿಗೆ ಎತ್ತಿದ್ದೀನಿ, ಸೆಲ್ವಿಗೆ ಇನ್ನೂ ಹದಿನಾಲ್ಕು ಗೋಲಿ.
ಕೈ ಇಳಿಯಲಿಲ್ಲ.
ಫಿಸಿಕ್ಸ್ ಮೇಡಂ ಕನ್ನಡಕದ ಮೇಲಿಂದ ನನ್ನ ನೋಡಿದರು,
ತಿರುಗಿ ಆ ನಿಂತ ಗಡಿಯಾರ ನೋಡಿದರು,
ಏನೂ ಅನ್ನಲಿಲ್ಲ.
ಮೂವತ್ತರವರೆಗೆ ಎಣಿಸಿ ಹೊಡೆದೆ.

ಎಲ್ಲರೂ ಹೋದ ಮೇಲೆ ಡಬ್ಬಿ ಹತ್ತಿರ ಬಂದು ನಿಂತಳು.
ಅಕ್ಕಾ, ಲೇಟಾಗಿ ಹೊಡೆದ್ರಿ ಅಲ್ವಾ?
ಹೌದಮ್ಮ, ತಪ್ಪು ಮಾಡಿದೆ.
ಆವತ್ತು ಸುತ್ತಿಗೆ ಹಿಡಿಯೋರು ಬೇರೆ,
ಅವರು ನಿನ್ನ ಗೋಲಿ ಎಣಿಸಲ್ಲ.

ತಲೆಯಾಡಿಸಿದಳು. ಡಬ್ಬಿಗೆ ಕೈ ಹಾಕಿ
ತನ್ನದು ಯಾವುದು ಅಂತ ಹುಡುಕಿದಳು.
ಇನ್ನೂ ನಾಲ್ಕು ವಾಚು ಉಳಿದಿದ್ದವು ಅಲ್ಲಿ.
ಒಂದರ ಟೈಮು ಇನ್ನೊಂದಕ್ಕೆ ಹೊಂದಲಿಲ್ಲ.