ನೂರಿಪ್ಪತ್ತು ಮೀಟರು

ಟೇಬಲ್ ಮೇಲೆ ಲೋಟದ ತಳದಿಂದ ಚಹಾದ ಉಂಗುರ ಒತ್ತಿ
ಕಂಪ್ಯೂಟರ್ ರೂಮಿನ ಹಾಲೇಶ ನನಗೆ ಪಾಠ ಹೇಳಿದ:
"ಆಸ್ಪತ್ರಿ ನಡುವಿಗೆ ಮೊಳೆ ಹೊಡ್ದು ದಾರ ಎಳದಂಗೆ, ಮೇಡಂ.
ಒಳಗಿದ್ರೆ ತೆರಿತತಿ. ಆಚಿಗೆ ಕಾಲಿಟ್ರೆ
ಪಾಸ್‌ವರ್ಡ್ ಸರಿ ಇದ್ರೂ ತೆರಿಯಂಗಿಲ್ಲ.
ನೀವು ಯಾರು ಅಂತ ಕೇಳಿ ಸುಮ್ನಾಗಲ್ಲ,
ಎಲ್ಲಿ ಅದೀರಿ ಅಂತಾನೂ ಕೇಳ್ತತಿ."
ಉಂಗುರ ಒಣಗಿತು. ಇರುವೆಗಳು ಬಂದವು.
ಅವನ್ನು ಯಾರೂ ಏನೂ ಕೇಳಲಿಲ್ಲ.

ಮೊದಮೊದಲು ಅದಕ್ಕೇ ದಿಕ್ಕು ತಪ್ಪುತ್ತಿತ್ತು.
ನೆಲಮಾಳಿಗೆಯ ಲ್ಯಾಬಿನಲ್ಲಿ ಕೂತ ನನ್ನನ್ನು
ರಸ್ತೆಯಾಚೆ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸುತ್ತಿತ್ತು.
ನೀಲಿ ಚುಕ್ಕೆ, ಕುಡಿದವನ ಹಾಗೆ,
ಗೋಡೆ ದಾಟಿ ಚರಂಡಿ ದಾಟಿ
ವಾಲಾಡುತ್ತ ಮರಳುವ ತನಕ
ಯಾರದೋ ರಕ್ತ ಕೈಯಲ್ಲಿ ಹಿಡಿದು ಕಾಯುತ್ತಿದ್ದೆ,
ಇದ್ದಲ್ಲೇ ಇದ್ದೇನೆಂದು ನಂಬಲಿ ಎಂದು.
ಆಮೇಲೆ ಸೂರಿಗೆ ಬಿಳಿ ಡಬ್ಬಿ ಅಂಟಿಸಿದರು.
ಹಲ್ಲಿಯಷ್ಟೂ ಸದ್ದಿಲ್ಲ.
ಫೋನಿನ ಕಿವಿಯಲ್ಲಿ ಪಿಸುಗುಡುತ್ತದಂತೆ:
ಇಲ್ಲಿದ್ದಾಳೆ, ಇಲ್ಲಿದ್ದಾಳೆ.

ಸಂಜೆ ಆರೂಕಾಲು.
ಗೇಟಿನ ಬೇವಿನ ಬುಡದಲ್ಲಿ ಒಂದು ಹೆಜ್ಜೆ;
ಯಾವುದೆಂದು ಈಗ ಕಾಲಿಗೇ ಗೊತ್ತು.
ಅಲ್ಲಿ ಯಾರ ಸಕ್ಕರೆ ಎಷ್ಟು, ಯಾರ ಬಸಿರು ನಿಲ್ಲಲಿಲ್ಲ,
ಎಲ್ಲ ಒಮ್ಮೆಗೇ ಕಣ್ಣು ಮುಚ್ಚುತ್ತದೆ.
ಉಳಿಯುವುದು ಒಂದೇ ಸಾಲು:
ಈ ಜಾಗದಿಂದ ಅನುಮತಿಯಿಲ್ಲ.
ದೋಸೆ ಹೋಟೆಲಿನ ಬೆಣ್ಣೆಯ ವಾಸನೆ ಮಾತ್ರ
ಎರಡೂ ಕಡೆ ಓಡಾಡಿಕೊಂಡಿರುತ್ತದೆ.

ದೂರುವುದಿಲ್ಲ ನಾನು.
ಹೋದ ವರ್ಷ ಯಾರೋ ಬಸ್ಸಿನಲ್ಲಿ ಫೋನು ಮರೆತು
ಒಂದು ಹುಡುಗಿಯ ರಿಪೋರ್ಟು
ಅವಳಿಗಿಂತ ಮೊದಲು ಹರಿಹರ ಮುಟ್ಟಿ
ಗೊತ್ತಾಗಿದ್ದ ಮದುವೆ ಮುರಿದಿತ್ತು.
ಬೇಲಿ ಬೇಕು.

ಅಶೋಕ ಟಾಕೀಸಿನ ರೈಲ್ವೆ ಗೇಟು ಬೇರೆಯೇ ಜಾತಿ.
ರೈಲು ಬಂತೆಂದರೆ ಸಾಹುಕಾರನ ಕಾರೂ ನಿಲ್ಲಬೇಕು,
ಸೊಪ್ಪಿನ ಗಾಡಿಯೂ.
ಆದರೆ ಬೆನ್ನು ಬಗ್ಗಿಸಿದವರಿಗೆ ದಾರಿ ಇದೆ:
ಸೈಕಲ್ ಓರೆ ಮಾಡಿ, ಸೆರಗು ಸಿಕ್ಕಿಸಿ, ನುಸುಳುತ್ತಾರೆ,
ಬೈಗುಳ ಕೇಳುತ್ತಲೇ.
ನಾನೂ ನುಸುಳಿದೆ.

ಮಂಡಕ್ಕಿ ಭಟ್ಟಿಯ ಓಣಿ. ಹೊಟ್ಟಿನ ಹೊಗೆ.
ಕಾದ ಮರಳಿನಲ್ಲಿ ಅಕ್ಕಿ ಅರಳುವ ಚಟಪಟ.
ದಾದಾಪೀರ್ ಜರಡಿ ಕೆಳಗಿಟ್ಟು ಎದ್ದ,
ಕೆಮ್ಮಿದ, ಕೆಮ್ಮು ಮುಗಿದ ಮೇಲೆ ನಕ್ಕ.
"ಕೊಟ್ರಕ್ಕ, ನಮ್ದು ರಿಪೋರ್ಟ್ ಬಂತೇನು?"

ಎರಡೂವರೆಗೇ ಬಂದಿತ್ತು. ನಾನೇ ನೋಡಿದ್ದೆ.
ನೀಲಿ ಬಯಲಿನಲ್ಲಿ
ದರ್ಜಿ ಕತ್ತರಿಸಿ ಬಿಟ್ಟ ದಾರದ ಚೂರಿನಂಥ
ಕೆಂಪು, ಕೆಂಪು, ಇನ್ನೊಂದು ಕೆಂಪು.
ಎಣಿಸಿ ಬರೆದಿದ್ದೆ.

ಸುತ್ತ ಏಳೆಂಟು ಜನ ಚೀಲ ಹೊಲಿಯುತ್ತಿದ್ದರು.
ಸೊಸೆ ಗೌಸಿಯಾಳ ಸೊಂಟದಲ್ಲಿ ಮಗು,
ಅದರ ಮುಷ್ಟಿಯಲ್ಲಿ ಅಜ್ಜನ ಟವೆಲಿನ ತುದಿ.

ಫೋನು ತೆಗೆದು ತೋರಿಸಿದೆ.
"ನೋಡಪ್ಪ, ಗೇಟು ದಾಟಿದ್ರೆ ಇದಕ್ಕೆ ಏನೂ ನೆನಪಿರಲ್ಲ."
"ಅದನ್ನ ಎಲ್ಲಿ ಕೇಳ್ದೆ ಅಕ್ಕ," ಅಂದ,
"ನಿಮ್ಮನ್ನ ಕೇಳ್ದೆ."

ನನ್ನ ಮುಖಕ್ಕೆ ಯಾರೂ ವೃತ್ತ ಎಳೆದಿರಲಿಲ್ಲ.
ಬೇವಿನ ಮರದ ಈಚೆಗೂ
ಅದು ತೆರೆದೇ ಇತ್ತು.
ಚಪ್ಪಲಿಗೆ ಅಂಟಿದ ಹೊಟ್ಟು ನೋಡುತ್ತ ಅಂದೆ:
"ನಾಳೆ ಹತ್ತಕ್ಕೆ ಒಳಗ ಬಾ. ಕೂತು ಮಾತಾಡೋಣ."
ಅಷ್ಟಕ್ಕೆ ನಿಲ್ಲಿಸಬೇಕಿತ್ತು.
"ಸೊಸೀನ ಕರ್ಕೊಂಡು ಬಾ," ಅಂದೆ. "ಮಗೂನ್ನೂ."

ಮಗೂನ್ನೂ.
ಆ ಒಂದು ಮಾತಿಗೆ ಬೀಗ ಎಲ್ಲಿಂದ ತರುವುದು?

ಅವನು ಏನೂ ಕೇಳಲಿಲ್ಲ.
ಪುಟ್ಟ ಮುಷ್ಟಿಯಿಂದ ಟವೆಲು ಮೆಲ್ಲಗೆ ಬಿಡಿಸಿಕೊಂಡ.
ಬಾಯಿಗೆ ಅಡ್ಡ ತಂದ.
ಒಂದು, ಎರಡು, ಮೂರು, ನಾಲ್ಕು ಹೆಜ್ಜೆ
ಹಿಂದೆ ಸರಿದು ಗೋಡೆಗೆ ಆತು ನಿಂತ.
ಅಳತೆ ಅವನಿಗೆ ಯಾರೂ ಹೇಳಿರಲಿಲ್ಲ.

ದಿನಾ ಪೊಟ್ಟಣ ಕಟ್ಟಿ ಕೊಡುವವನು ಅವನೇ.
"ಗೌಸಿಯಾ," ಅಂದ ಟವೆಲಿನ ಒಳಗಿನಿಂದ,
"ಅಕ್ಕಗೆ ಮಂಡಕ್ಕಿ ನೀನೇ ಕೊಡವ್ವ."